ಅತ್ತೆಗೆ ಹೇಳದೆ ಬಿಚ್ಚಿದ ಸಾಲುಗಳು

ಕೊಯಮತ್ತೂರಿನ ಕಡೆಯ ಬೆಟ್ಟದೂರು ವಾಲ್ಪಾರೈಯ ಟೀ ಎಸ್ಟೇಟಿನಲ್ಲಿ ನಾವು ಕಳೆದ ಎರಡನೆಯ ಚಳಿಗಾಲದಲ್ಲಿ ಹೆಣಿಗೆಯಲ್ಲಿ ಅತ್ತೆಯ ಕೈ ತಪ್ಪತೊಡಗಿತು.

ನನ್ನವರಿಗೆ ಅಲ್ಲಿನ ಟೀ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಮಧ್ಯಾಹ್ನ ಎರಡಕ್ಕೆ ಹೊರಟರೆ ಬರುವುದು ರಾತ್ರಿ ಹತ್ತರ ಮೇಲೆ. ನಾನು ಚಾಮರಾಜನಗರದ ಕಡೆಯಿಂದ ಬಂದ ಸೊಸೆ. ಅವರ ಮನೆಯವರು ತಲೆಮಾರುಗಳಿಂದ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ನೆಲೆಸಿದ ಕನ್ನಡದ ನೇಕಾರರು. ಅತ್ತೆ ನಲವತ್ತು ವರ್ಷ ಮಗ್ಗದ ಮುಂದೆ ಕೂತವರು. ಬೆಟ್ಟದ ಕೆಳಗೆ ಆ ಊರಿನ ಮನೆಯಲ್ಲಿ ನಾದಿನಿಯ ಸಂಸಾರದ ಜೊತೆ ಇದ್ದವರು, ಆ ಕಾರ್ತಿಕದಲ್ಲಿ ನಮ್ಮ ಹತ್ತಿರ ಬಂದರು.

ನಮಗೆ ಕೊಟ್ಟಿದ್ದು ಹಳೆಯ ಕಲ್ಲುಮನೆ. ಮುಂದಿನ ಕೋಣೆಯ ಗೋಡೆಯಲ್ಲಿ ಬೆಂಕಿಗೂಡು, ಅದರ ಮೇಲೆ ಸೂರಿನಾಚೆಗೆ ಹೋಗುವ ಹೊಗೆಗೂಡು. ಸವರಿದ ಸಿಲ್ವರ್ ಓಕ್ ಕೊಂಬೆ, ಕಿತ್ತ ಟೀ ಗಿಡದ ಬೇರು ಎಸ್ಟೇಟಿನಿಂದಲೇ ಬರುತ್ತಿತ್ತು. ಟೀ ಬೇರು ಹೊಗೆಯಿಲ್ಲದೆ ನಿಧಾನವಾಗಿ ಉರಿದು, ಕೊನೆಗೆ ಗಟ್ಟಿ ಕೆಂಡವಾಗಿ ಗಂಟೆಗಟ್ಟಲೆ ಬಿಸಿ ಕೊಡುತ್ತದೆ. ಆ ವರ್ಷ ಚಿರತೆಯ ಓಡಾಟ ಹೆಚ್ಚಿತ್ತು. ಆರು ಗಂಟೆಯ ನಂತರ ಬಾಗಿಲು ತೆರೆದಿಡಬೇಡಿ ಎಂದು ಅರಣ್ಯ ಇಲಾಖೆಯವರು ಮನೆಮನೆಗೂ ಹೇಳಿ ಹೋಗಿದ್ದರು. ಆರಕ್ಕೆ ಅಗುಳಿ ಹಾಕಿ ಕೂತರೆ ನಾನು, ಅತ್ತೆ, ಬೆಂಕಿ, ಅಷ್ಟೇ.

ನಾನು ಕಾಲೇಜಿನ ದಿನಗಳಲ್ಲಿ ಸ್ವೆಟರ್ ಹೆಣೆಯುವುದನ್ನು ಕಲಿತಿದ್ದೆ. ತಿರುಪ್ಪೂರಿನಲ್ಲಿ ಉಳಿಕೆ ನೂಲು ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹೋದಾಗಲೆಲ್ಲ ಒಂದು ಚೀಲ ತರುತ್ತಿದ್ದೆ. ನಾನು ಹೆಣೆಯುವುದನ್ನು ಅತ್ತೆ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಕಡ್ಡಿ ಕೇಳಿದರು. ಹದಿನೈದು ದಿನದಲ್ಲಿ ನನ್ನನ್ನು ಮೀರಿಸಿದರು.

"ಎರಡು ಕಡ್ಡೀಲಿ ಮಗ್ಗಾನೇ ಐತೆ, ಅಮ್ಮಿಣಿ," ಎಂದು ನಕ್ಕರು. ಸೊಸೆಯನ್ನು ಅವರು ಕರೆಯುತ್ತಿದ್ದುದೇ ಹಾಗೆ.

ಡಿಸೆಂಬರಿನಲ್ಲಿ ಕಿಟಕಿಗಳ ಸಂದಿಯಿಂದ ಗಾಳಿ ಈಟಿಯಂತೆ ಬರತೊಡಗಿತು. ಅತ್ತೆಯ ಮಂಡಿನೋವು ಹೆಚ್ಚಾಯಿತು. ಉಳಿದ ನೂಲೆಲ್ಲ ಕೂಡಿಸಿ ದಪ್ಪ ಪಟ್ಟಿಗಳನ್ನು ಹೆಣೆದು ಎರಡು ಕಿಟಕಿಗಳ ಸಂದಿಗೂ ಬಾಗಿಲ ಅಡಿಗೂ ತುರುಕಿದೆ. ಕೋಣೆ ತೊಟ್ಟಿಲಿನ ಹಾಗೆ ಬೆಚ್ಚಗಾಯಿತು. ಫೋಟೋ ತೆಗೆದು ನಾದಿನಿಗೆ ಕಳಿಸಿದ್ದೂ ನೆನಪಿದೆ.

ಅದಾಗಿ ವಾರದೊಳಗೆ ಅತ್ತೆಯ ಸಾಲುಗಳು ಹಾಳಾಗತೊಡಗಿದವು. ಮಗನಿಗೆಂದು ಬೂದು ಬಣ್ಣದ ಸ್ವೆಟರ್ ಹೆಣೆಯುತ್ತಿದ್ದರು. ಒಂದು ಸಂಜೆ ನೋಡಿದರೆ ನೂರು ಇರಬೇಕಾದ ಕುಣಿಕೆ ತೊಂಬತ್ತನಾಲ್ಕಾಗಿತ್ತು. ಮತ್ತೊಂದು ಸಂಜೆ ಹೆಣೆದ ಸಾಲನ್ನೇ ತಿರುಗಿಸಿ ತಿರುಗಿಸಿ ನೋಡುತ್ತ, "ಇದು ಯಾರ್ದು?" ಎಂದು ಕೇಳಿದರು.

"ನಿಮ್ಮದೇ ಅತ್ತೆ. ನಿಮ್ಮ ಮಗನಿಗೆ."

"ಆಂ, ಹೌದೌದು. ತಲೆ ಒಂದೇ ಭಾರ."

ನನಗೂ ತಲೆ ಭಾರವಾಗುತ್ತಿತ್ತು. ಬೆಂಕಿಯ ಕಾವಿಗೆ ಇರಬೇಕೆಂದುಕೊಂಡೆ. ನನ್ನವರು ಬಂದು ಬಾಗಿಲು ತಟ್ಟುವ ಹೊತ್ತಿಗೆ ಕೆಂಡ ಬೂದಿಯಾಗಿರುತ್ತಿತ್ತು. ನಾವಿಬ್ಬರೂ ಒಳಕೋಣೆಗಳಲ್ಲಿ ಮಲಗಿರುತ್ತಿದ್ದೆವು; ನಾನು ಎದ್ದು ಬಂದು ಅಗುಳಿ ತೆಗೆಯುತ್ತಿದ್ದೆ. ಅವರಿಗೆ ಏನೂ ಆಗಲಿಲ್ಲ.

ಅತ್ತೆಗೆ ನೋವಾಗಬಾರದೆಂದು ನಾನೊಂದು ಕೆಲಸ ಶುರುಮಾಡಿದೆ. ಬೆಳಗ್ಗೆ ಅವರು ಏಳುವ ಮುಂಚೆ ಹಿಂದಿನ ಸಂಜೆಯ ಕೆಟ್ಟ ಸಾಲುಗಳನ್ನು ಬಿಚ್ಚಿ, ಅವರದೇ ಬಿಗಿಯಲ್ಲಿ ಮತ್ತೆ ಹೆಣೆದು, ಇದ್ದಲ್ಲೇ ಇಡುತ್ತಿದ್ದೆ. ಅವರು ಎದ್ದು ಸ್ವೆಟರ್ ಎತ್ತಿಕೊಂಡು ಬಹಳ ಹೊತ್ತು ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ದಿನ ಕಳೆದಂತೆ ಮಾತೇ ಕಡಿಮೆಯಾಯಿತು. ಉಪ್ಪು ಹಾಕಿದ ಸಾರಿಗೆ, ಹಾಕಿದೆನೋ ಇಲ್ಲವೋ ಎಂದು ಹತ್ತು ಸಲ ಕೇಳುವರು. ಹಾಡುಹಗಲಲ್ಲೂ ಸೌಟು ಹಿಡಿದು ಸುಮ್ಮನೆ ನಿಂತುಬಿಡುವರು.

"ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ," ಎಂದು ನನ್ನವರಿಗೆ ಹೇಳಿದವಳು ನಾನೇ.

ಜನವರಿಯಲ್ಲಿ ಕೊಯಮತ್ತೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕೇಳಿದ್ದಕ್ಕೆಲ್ಲ ಅತ್ತೆ ಸರಿಯಾಗಿಯೇ ಉತ್ತರ ಕೊಟ್ಟರು. "ವಯಸ್ಸಿನ ಮರೆವು ಇರಬಹುದು, ಗಮನಿಸ್ತಾ ಇರಿ," ಎಂದು ಮಾತ್ರೆ ಬರೆದರು. ನಾದಿನಿಯ ಮನೆಯಲ್ಲಿದ್ದ ನಾಲ್ಕೂ ದಿನ ಅತ್ತೆ ಒಂದು ಕುಣಿಕೆಯೂ ತಪ್ಪದೆ ಹೆಣೆದರು. ಮಗಳ ಮನೆ, ಮನಸ್ಸು ಹಗುರವಾಗಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನ ಹತ್ತಿರ ಇರುವುದೇ ಅವರಿಗೆ ಆಗಿಬರುತ್ತಿಲ್ಲವೇನೋ ಎಂದು ಒಳಗೊಳಗೇ ಚುಚ್ಚಿತು.

ಮಲೆ ಹತ್ತಿ ಹಿಂತಿರುಗಿದ ದಿನ ಚಳಿ ವಿಪರೀತ. ಟೀ ಬೇರನ್ನು ಧಾರಾಳವಾಗಿ ಒಟ್ಟಿ, ಸಂದಿಗಳಿಗೆ ಪಟ್ಟಿ ಬಿಗಿದು ಕೂತೆವು. ಏಳು ಗಂಟೆಯಿರಬೇಕು. ನಾನು ಒಂದು ಟೋಪಿ ಹೆಣೆಯುತ್ತಿದ್ದೆ. ನಲವತ್ತು ಕುಣಿಕೆ ಎಣಿಸಬೇಕಿತ್ತು. ಹದಿನೇಳರವರೆಗೆ ಬಂದೆ, ಮುಂದೆ ಯಾವ ಸಂಖ್ಯೆ ಎಂದು ತೋಚಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ. ಮತ್ತೆ ಹದಿನೇಳಕ್ಕೇ ನಿಂತೆ. ಮೂರನೆಯ ಸಲವೂ ಹಾಗೇ ಆದಾಗ ನಗು ಬಂತು. ತಲೆಯೆತ್ತಿ ಅತ್ತೆಯ ಕಡೆ ನೋಡಿದೆ. ಅವರ ಕೈಯಿಂದ ಕಡ್ಡಿ ಜಾರಿತ್ತು, ಬಾಯಿ ಅರ್ಧ ತೆರೆದಿತ್ತು, ಕೆನ್ನೆ ಎಂದೂ ಇಲ್ಲದಷ್ಟು ಕೆಂಪಾಗಿತ್ತು.

"ಅತ್ತೆ?"

ನನ್ನ ನಗು ನಿಂತಿತು. ನನಗೆ ಮರೆವಿನ ವಯಸ್ಸಲ್ಲವಲ್ಲ ಎಂಬ ಒಂದೇ ಯೋಚನೆ ಆಗ ಸ್ಪಷ್ಟವಾಗಿ ಬಂದದ್ದು. ಇಬ್ಬರಿಗೂ ಒಂದೇ ಆಗುತ್ತಿದೆ. ಈ ಕೋಣೆಯಲ್ಲೇ ಏನೋ ಇದೆ.

ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಅಂಬೆಗಾಲಿಟ್ಟು ಬಾಗಿಲ ಹತ್ತಿರ ಹೋದೆ. ನಾನೇ ತುರುಕಿದ ಪಟ್ಟಿ ಬಾಗಿಲಡಿಯಲ್ಲಿ ಸಿಕ್ಕಿಕೊಂಡು ಎಳೆದಷ್ಟೂ ಬಿಗಿಯಾಯಿತು. ಹಲ್ಲು ಕಚ್ಚಿ ಕಿತ್ತೆ. ಅಗುಳಿ ತೆಗೆದು ಬಾಗಿಲನ್ನು ಪೂರ್ತಿ ತಳ್ಳಿದೆ. ಚಿರತೆ ನೆನಪಾಗಲಿಲ್ಲ. ಅತ್ತೆಯ ಕಂಕುಳಿಗೆ ಕೈಹಾಕಿ ಹೊಸ್ತಿಲಾಚೆ ಎಳೆದು ತಂದು, ಜಗಲಿಯ ಕಲ್ಲಿನ ಮೇಲೆ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ಕೂಗಿದೆ. ಪಕ್ಕದ ಮನೆಯವರು ಟಾರ್ಚು ಹಿಡಿದು ಓಡಿಬಂದರು. ಎಸ್ಟೇಟ್ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಕೆಂಡದ ವಿಷಗಾಳಿ, ಇನ್ನೊಂದು ಗಂಟೆ ಕಳೆದಿದ್ದರೆ ಕಷ್ಟವಿತ್ತು ಎಂದರು ನರ್ಸಮ್ಮ.

ಮರುದಿನ ಎಸ್ಟೇಟಿನ ಮೇಸ್ತ್ರಿ ಸೂರಿನ ಮೇಲೆ ಹತ್ತಿ ನೋಡಿದರು. ಹೊಗೆಗೂಡಿನ ಮುಕ್ಕಾಲು ಭಾಗ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಕೆಳಗಿಳಿದು ಕೋಣೆಯೊಳಗೆ ಬಂದವರು ಕಿಟಕಿಯ ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿ ತಮಿಳಿನಲ್ಲಿ ಕೇಳಿದರು: "ಇದನ್ನು ಅಡಕಿದ್ದು ಯಾರಮ್ಮ? ಮೇಲಿನ ದಾರಿ ಮುಚ್ಚಿ ಎಷ್ಟೋ ಕಾಲವಾಗಿದೆ. ಇದನ್ನು ಅಡಕುವವರೆಗೂ ಈ ಸಂದಿಗಳೇ ನಿಮ್ಮನ್ನು ಉಳಿಸಿದ್ದು."

"ನಾನು," ಎಂದೆ.

ಅತ್ತೆ ಮೂರೇ ದಿನಕ್ಕೆ ಚೇತರಿಸಿಕೊಂಡರು. ಅವರಿಗೆ ಮರೆವಿನ ಕಾಯಿಲೆ ಇರಲೇ ಇಲ್ಲ ಎಂದು ಹೇಳುವಾಗ ನನ್ನವರು ಖುಷಿಯಿಂದ ನಕ್ಕುಬಿಟ್ಟರು. ಅವರು ಕೆಲಸಕ್ಕೆ ಹೋದ ಮೇಲೆ, ತೆರೆದ ಕಿಟಕಿಯ ಪಕ್ಕ ಶಾಲು ಹೊದ್ದು ಕೂತಿದ್ದ ಅತ್ತೆಯ ಹತ್ತಿರ ಹೋದೆ. ಬೆಳಬೆಳಗ್ಗೆ ಎದ್ದು ಸಾಲು ಬಿಚ್ಚುತ್ತಿದ್ದುದನ್ನೆಲ್ಲ ಹೇಳಿಬಿಟ್ಟೆ. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀನಾ?"

"ನಿಮಗೆ ಬೇಜಾರಾಗಬಾರದು ಅಂತ, ಅತ್ತೆ."

"ನಾನು ಸಾಯಂಕಾಲ ತಪ್ಪು ಮಾಡಿದ್ದು ನಂಗೆ ನೆನಪಿರ್ತಿತ್ತು, ಅಮ್ಮಿಣಿ. ಕುಣಿಕೆ ಬಿದ್ದಿದ್ದು ಕಣ್ಣಾರೆ ನೋಡಿರ್ತಿದ್ದೆ. ಬೆಳಿಗ್ಗೆ ಎದ್ದು ಎಣಿಸಿದ್ರೆ ನೂರಕ್ಕೆ ನೂರು. ದಿನಾ ಹಂಗೇ. ಆಗದೇ ಇದ್ದದ್ದನ್ನ ನೋಡ್ತಾ ಇದೀನಿ, ನಂಗೆ ಪೈತ್ಯ, ಹುಚ್ಚು ಹಿಡೀತಾ ಐತೆ ಅಂದ್ಕೊಂಡೆ. ಯಾರ ಹತ್ರ ಸೊಲ್ಲೋದು? ಸೌಟು ಹಿಡಿದ್ರೆ ಅದು ಸೌಟೇನಾ ಅಂತ ಸಂದೇಹ ಬರ್ತಿತ್ತು."

ನಾನು ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವರು ತಲೆಯ ಮೇಲೆ ಕೈಯಿಟ್ಟರು. ಕೋಪವಿರಲಿಲ್ಲ.

ಸ್ವೆಟರ್ ಮುಗಿಸಿ, ಫೆಬ್ರವರಿಯ ಕೊನೆಗೆ, ಮಾಸಿ ತಿಂಗಳಲ್ಲಿ ಅವರು ಮಲೆಯಿಳಿದು ಮಗಳ ಮನೆಗೆ ಹೋದರು. ಈಗಲೂ ಗಟ್ಟಿಯಾಗಿಯೇ ಇದ್ದಾರೆ. ಆದರೆ ಗ್ಯಾಸ್ ಆರಿಸಿದ ಮೇಲೆ ಮೊಮ್ಮಗಳನ್ನು ಕರೆದು, ಆರಿದೆಯಾ ನೋಡು ಎನ್ನುತ್ತಾರಂತೆ. ಅವಳು ಆರಿದೆ ಅಜ್ಜಿ ಎಂದರೂ ನಿಂತೇ ಇರುತ್ತಾರಂತೆ, ಅವಳ ಮುಖವನ್ನು ನೋಡುತ್ತ.