ಗಾಲಿಯ ಕಂಬರ

ನನ್ನ ಮೊಮ್ಮಗ ಕೊಲ್ಹಾಪುರದಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು. ಬಂದಾಗಲೇ ನೆಲಕ್ಕೆ ಹತ್ತಿರವಿತ್ತು. ಅದು ಸಾಲದೆಂದು ಸ್ಪ್ರಿಂಗ್ ಬದಲಿಸಿ ಇನ್ನೂ ತಗ್ಗಿಸಿದ. ಕಬ್ಬಿನ ಟ್ರ್ಯಾಕ್ಟರು ಓಡಾಡಿ ಕಿತ್ತುಹೋದ ನಮ್ಮ ಕಬ್ಬೂರಿನ ರಸ್ತೆಯಲ್ಲಿ ಅದು ಹೊಟ್ಟೆ ತಿಕ್ಕಿಕೊಂಡು ಬರುವ ಸಪ್ಪಳ ಕೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಉಳಿದಿರುವುದೇ ಕೆಲವು ಹಲ್ಲು.

ಗಾಡಿ ತಗ್ಗಿದ ಮೇಲೆ ಮುಂದಿನ ಗಾಲಿಗಳು ನೆಟ್ಟಗೆ ನಿಲ್ಲಲಿಲ್ಲ. ಎರಡರ ತಲೆಯೂ ಒಳಕ್ಕೆ ವಾಲಿತು. ಟಾಯರು ಒಳಮಗ್ಗುಲಲ್ಲಿ ಸವೆದು ಬೋಳಾಯಿತು, ಹೊರಮಗ್ಗುಲು ಹೊಸದರಂತೆಯೇ ಇತ್ತು. ಹೀಗೆ ವಾಲುವುದಕ್ಕೆ ಕ್ಯಾಂಬರ್ ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅದು ಬೇಗನೆ ಕಂಬರ ಆಯಿತು. ನಾವು ಗಡಿಯ ಜನ, ಅರ್ಧ ಮಾತು ಮರಾಠಿ. ಮರಾಠಿಯಲ್ಲಿ ಕಂಬರ ಎಂದರೆ ಸೊಂಟ.

ಬೆಳಿಗ್ಗೆ ಎಮ್ಮೆ ಹಿಂಡಿದ ಕೂಡಲೇ ಅವನು ಅಂಗಳದಲ್ಲಿ ಜಾಕ್ ಹಚ್ಚುತ್ತಿದ್ದ. ಗಾಲಿ ಬಿಚ್ಚುವುದು, ಒಳಗಿನ ದಪ್ಪ ಬೋಲ್ಟು ಸಡಿಲಿಸುವುದು, ಮೇಲಿನ ಭಾಗವನ್ನು ಕೂದಲೆಳೆಯಷ್ಟು ಹೊರಗೆ ನೂಕಿ ಮತ್ತೆ ಬಿಗಿಯುವುದು. ಆಮೇಲೆ ಗಾಲಿ ಹಾಕಿ, ಗಾಡಿ ಇಳಿಸಿ, ಮೊಬೈಲನ್ನು ಗಾಲಿಗೆ ಆನಿಸಿ ಹಿಡಿದು ಎಷ್ಟು ವಾಲಿದೆ ಎಂದು ನೋಡುವುದು. ಎಡಗಡೆಯದು ಸರಿಯಾದರೆ ಬಲಗಡೆಯದು ಕೆಡುತ್ತಿತ್ತು. ಎರಡೂ ಸರಿಯಾದವು ಎಂದು ಹೊರಗೆ ಒಯ್ದರೆ ಗಾಡಿ ತಾನಾಗಿ ಗಟಾರದ ಕಡೆ ಎಳೆಯುತ್ತಿತ್ತು.

"ಮೊದಲಿನ ಸ್ಪ್ರಿಂಗ್ ಹಾಕೋ, ತಾನ ನೆಟ್ಟಗ ನಿಂದರತಾವ," ಎಂದೆ.

"ಆಯಿ, ತಗ್ಗ ಇದ್ರನ ಚೆಂದ." ಅಜ್ಜಿಗೆ ನಮ್ಮಲ್ಲಿ ಆಯಿ ಅನ್ನುತ್ತಾರೆ.

"ಹಂಗಿದ್ರ ಗಾಲಿನ ತಗದಬಿಡು. ಇನ್ನೂ ತಗ್ಗ ಆಕ್ಕೈತಿ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಒಕ್ಕಲುತನ ಮಾಡುವ ಹುಡುಗರಿಗೆ ಈಗ ಹೆಣ್ಣು ಸಿಗುವುದಿಲ್ಲ. ಬಂದವರೆಲ್ಲ ನೌಕರಿ ಎಲ್ಲಿ ಎಂದು ಕೇಳಿ, ಚಹಾ ಕುಡಿದು, ಎದ್ದು ಹೋಗಿದ್ದರು. ಸದಲಗಾದವರೊಬ್ಬರು ಮಾತ್ರ ನಮ್ಮ ಕಬ್ಬು, ಎಮ್ಮೆ ನೋಡಿ ಮಗಳನ್ನು ಕೊಡಲು ಒಪ್ಪಿದ್ದರು. ನಿಶ್ಚಯದ ದಿನ ಗೊತ್ತುಮಾಡುವುದೊಂದೇ ಉಳಿದಿತ್ತು. ಇವನಿಗೆ ಅದರ ಚಿಂತೆಯಿಲ್ಲ, ಗಾಲಿಯದೇ ಚಿಂತೆ.

ಕಡೆಗೆ ನಿಪಾಣಿಯಲ್ಲಿ ಮಶೀನಿನ ಮೇಲೆ ಗಾಡಿ ನಿಲ್ಲಿಸಿ ನೋಡುವವರಿದ್ದಾರೆ ಎಂದು ಅಲ್ಲಿಗೆ ಹೋದ. ಅವತ್ತೇ ಹುಡುಗಿಯ ತಾಯಿಯ ಫೋನು ಬಂತು. ಎತ್ತಿದವಳು ನನ್ನ ಸೊಸೆ, ಇವನ ತಾಯಿ. ಅವಳ ತವರು ಗಡಿಯ ಆಚೆ ಕಡೆಯದು, ಬೀಗರೊಡನೆ ಮರಾಠಿಯಲ್ಲೇ ಮಾತು. ಹುಡುಗ ಎಲ್ಲಿ ಎಂದು ಅವರು ಕೇಳಿದರೆ ಇವಳು, "ತೋ ಕಂಬರ ನೀಟ ಕರಾಯಲಾ ನಿಪಾಣಿಲಾ ಗೇಲಾಯ," ಎಂದಳು. ಕಂಬರ ಸರಿಮಾಡಿಸಲು ನಿಪಾಣಿಗೆ ಹೋಗಿದ್ದಾನೆ, ಅಷ್ಟೇ. ಗಾಡಿಯ ಹೆಸರನ್ನೇ ಎತ್ತಲಿಲ್ಲ. ಆಕಡೆಯವರು ಆಮೇಲೆ ಮಾತಾಡುತ್ತೇವೆ ಎಂದು ಫೋನು ಇಟ್ಟರಂತೆ.

ಮರುದಿನ ಹೇಳದೆ ಕೇಳದೆ ಹುಡುಗಿಯ ಅಪ್ಪ, ಸೋದರಮಾವ ಇಬ್ಬರೂ ಬಂದಿಳಿದರು. ನಿಪಾಣಿಯವರು ಸರಿಮಾಡಿ ಕಳಿಸಿದ್ದನ್ನು ಇವನು ಮತ್ತೆ ಬಿಚ್ಚಿಕೊಂಡು ಬೆಳಗಿನಿಂದ ಗಾಡಿಯ ಕೆಳಗೆ ಬಿದ್ದಿದ್ದ. ಮಾತು ಕೇಳಿ ಹೊರಗೆ ತೆವಳಿದವನು ಸೊಂಟದ ಮೇಲೆ ಕೈಯಿಟ್ಟುಕೊಂಡು, ಮುಖ ಹಿಂಡಿಕೊಂಡು ಎದ್ದ. ಬೀಗರಿಬ್ಬರೂ ಮುಖ ಮುಖ ನೋಡಿಕೊಂಡರು.

"ತಮ್ಮಾ, ಒಂದ ಸ್ವಲ್ಪ ಬಗ್ಗಿ ಎದ್ದ ತೋರಸಪಾ," ಎಂದ ಸೋದರಮಾವ.

"ಎತ್ತ ಕೊಳ್ಳಾಕ ಬಂದೀರೇನ್ರಿ?" ಎಂದೆ.

"ಎತ್ತ ಆಗಿದ್ರ ಹಲ್ಲ ನೋಡಿ ಬಿಡ್ತಿದ್ವಿ ಅವ್ವಾರ. ಕಂಬರ ಹೋಗೈತಂತಲ್ಲ ಹುಡುಗಂದು?"

ಆಗ ಹೊಳೆಯಿತು. ಸೊಸೆಯನ್ನು ನೋಡಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. "ಅವಂದಲ್ರಿ, ಗಾಡೀದು," ಎಂದರೆ ನಂಬುವವರಾರು? ಗಾಡಿಗೆ ಸೊಂಟ ಎಲ್ಲಿಂದ ಬಂತು ಎಂದು ಅವರ ಮುಖವೇ ಕೇಳುತ್ತಿತ್ತು. ಮೊಮ್ಮಗ ಬಿಚ್ಚಿಟ್ಟ ಗಾಲಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ ಅಂಗಳ ಸುತ್ತಿ ಬಂದ. ಆಮೇಲೆ ಗಾಲಿ ಹಾಕಿ, ವಾಲು ತೋರಿಸಿ, ಬೋಳಾದ ಟಾಯರಿನ ಮೇಲೆ ಅವರ ಬೆರಳಾಡಿಸಿದ. ಹುಡುಗಿಯ ಅಪ್ಪನ ಮುಖ ಸಡಿಲವಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಇವನು, "ಬರ್ರಿ ಮಾಮಾ, ಒಂದ ರೌಂಡ ಹೊಡದ ಬರೂಣು," ಎಂದು ಹುಡುಗಿಯ ಅಪ್ಪನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ. ತಿರುಗಿ ಬಂದಾಗ ಅವರಿಗೆ ಇಳಿಯಲು ಬರಲಿಲ್ಲ. ಮೊಣಕಾಲು ಎದೆಗೆ ಬಂದಿತ್ತು. ಸೋದರಮಾವ ಒಂದು ಕೈ, ನನ್ನ ಸೊಸೆ ಒಂದು ಕೈ ಹಿಡಿದು ಹೊರಗೆಳೆದರು. ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಸಂಬಂಧ ಮುರಿಯಿತು ಎಂದೇ ಲೆಕ್ಕ ಹಾಕಿದೆ.

ಹುಡುಗಿಯ ಅಪ್ಪ ಕಟ್ಟೆಯ ಮೇಲೆ ಕೂತು ನೀರು ಕುಡಿದರು.

"ಹುಡುಗ ಗಟ್ಟಿ ಅದಾನ. ಗಾಡೀನ ಸರಿ ಇಲ್ಲ. ಇದನ್ನ ಮೊದಲಿನಷ್ಟ ಎತ್ತರ ಮಾಡ್ರಿ, ಆಮ್ಯಾಲ ದಿನಾ ಗೊತ್ತಮಾಡೂಣು. ನನ್ನ ಮಗಳ ಇದರಾಗ ಹತ್ತಿ ಇಳದ ಹೈರಾಣ ಆಗೂದ ಬ್ಯಾಡ."

ಮೊಮ್ಮಗ ಗಾಡಿಯ ಕಡೆ ನೋಡಿದ. ಬೀಗರ ಕಡೆ ನೋಡಿದ. ಮತ್ತೆ ಗಾಡಿಯ ಕಡೆ ನೋಡಿದ. ನನ್ನ ಕೈಯಲ್ಲಿ ಕಸಬರಿಗೆ ಇದ್ದಿದ್ದರೆ ಅವತ್ತು ಬೀಗರೆದುರಿಗೇ ಬಿಡುತ್ತಿದ್ದೆ.

"ಎತ್ತರ ಮಾಡಿದ್ರ ಕ್ಯಾಂಬರ್ ಮತ್ತ ಮೊದಲಿಂದ ನೋಡಬೇಕಾಕ್ಕೈತ್ರಿ," ಎಂದ.

"ನೋಡಪಾ," ಎಂದರು ಹುಡುಗಿಯ ಅಪ್ಪ. "ನಾವು ಕಾಯ್ತೀವಿ."

ಸೊಸೆ ಚಹಾ ತಂದಳು. ಅವರು ಚಹಾ ಮುಗಿಸುವ ಮೊದಲೇ ಅವನು ಜಾಕೂ ಮೊದಲಿನ ಸ್ಪ್ರಿಂಗೂ ಎಳೆದುಕೊಂಡು ಗಾಡಿಯ ಕೆಳಗೆ ಹೋಗಿದ್ದ.