ದನ ತಿನ್ನದ ಹೂವು

ಗೊತ್ತಿಲ್ಲದ್ದೆಲ್ಲ ಅಪಾಯವೇ ಎಂದುಕೊಳ್ಳುವುದು ನನ್ನ ಹುಟ್ಟುಗುಣ. ಹೊಸ ಪೈಸೆ ಬಂದಾಗ ಅದನ್ನೂ ವಾರಗಟ್ಟಲೆ ಅನುಮಾನದಿಂದ ನೋಡಿದವನು ನಾನು. ಇಂಥವನು ಶಿಕಾರಿಪುರದ ಪಾರ್ಕಿನಲ್ಲಿ ಕಂಡ, ಗುರುತೇ ಸಿಗದ ಹೂವೊಂದನ್ನು ಕಿತ್ತು ಸೊರಬದ ಮನೆಯವರೆಗೆ ಯಾಕೆ ತಂದೆನೋ. ನೇರಳೆ ಬಣ್ಣ, ಬಿಳಿಯ ಗಂಟಲು, ವಾಸನೆ ಇಲ್ಲ. ಬೆಳಿಗ್ಗೆ ಅವ್ವನನ್ನು ಹೆಸರು ಕೇಳೋಣವೆಂದು ತಂಬಿಗೆಯ ನೀರಿನಲ್ಲಿಟ್ಟು ಮಲಗಿದೆ.

ನಮ್ಮ ಮನೆಯಲ್ಲಿ ಗಂಡಸರು ಹೂವು ತಂದರೆ ಅದು ಪೂಜೆಗೇ. ಬೇರೆ ಕಾರಣಕ್ಕೆ ತಂದದ್ದುಂಟೇ ಎಂದು ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ನಾನು ಏಳುವಷ್ಟರಲ್ಲಿ ಅವ್ವ ಅದನ್ನು ಅಂಗೈಯ ಲಿಂಗಕ್ಕೆ ಏರಿಸಿ, ಪೂಜೆ ಮುಗಿಸಿ, ಪ್ರಸಾದವೆಂದು ನನ್ನ ಮಗಳು ಗಿರಿಜೆಗೆ ಮುಡಿಸಿಯಾಗಿತ್ತು. ಗಿರಿಜೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ದಿನ ತುಂಬುತ್ತಿತ್ತು.

"ಯಾವ ಹೂವವ್ವ ಅದು?" ಎಂದೆ.

"ತಂದೋನು ನೀನು, ನನ್ನ ಕೇಳ್ತೀಯಲ್ಲ" ಎಂದಳು ಅವ್ವ.

ಪ್ರಸಾದವನ್ನು ಬಸುರಿಯ ತಲೆಯಿಂದ ತೆಗೆ ಎನ್ನುವಂತಿಲ್ಲ. ವಿಷವಿದ್ದರೆ ಇರಲಿ ಎನ್ನುವಂತೆಯೂ ಇಲ್ಲ. ಶಿವನೇ ಒಪ್ಪಿಕೊಂಡನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದೆ. ಆದರೆ ಶಿವನಿಗೆ ಪ್ರಿಯವಾದವನ್ನು ನೆನೆದಷ್ಟೂ ಇದ್ದ ಸಮಾಧಾನವೂ ಹೋಯಿತು: ಎಕ್ಕ, ಕಣಗಿಲೆ, ಉಮ್ಮತ್ತಿ. ಮೂರೂ ವಿಷವೇ. ಹಾಲಾಹಲವನ್ನು ಗಂಟಲಲ್ಲಿ ಇಟ್ಟುಕೊಂಡು ಆರಾಮಾಗಿರುವವನ ಶಿಫಾರಸನ್ನು ಬಸುರಿಯರ ವಿಷಯದಲ್ಲಿ ನಂಬುವುದು ಹೇಗೆ?

ಮೊದಲ ಬಸ್ಸಿಗೇ ಶಿಕಾರಿಪುರಕ್ಕೆ ಓಡಿದೆ. ಅಲ್ಲಿ ಕಾಳಿನ ವ್ಯಾಪಾರ ಮಾಡುವ ಭಾವ, ಅಂದರೆ ನನ್ನ ಅಕ್ಕನ ಗಂಡ, ಪಾರ್ಕಿಗೆ ಜೊತೆಯಲ್ಲಿ ಬಂದರು; ಹಿಂದಿನ ದಿನ ನಾನು ಊಟ ಮಾಡಿದ್ದು ಅವರ ಮನೆಯಲ್ಲೇ. ಮಾಲಿಗೆ ಗಿಡ ತೋರಿಸಿ ಹೆಸರು ಕೇಳಿದೆ.

"ಬೆಂಗಳೂರಿಂದ ಬಂದ ಗಿಡ ರೀ, ಹೆಸರು ಯಾರಿಗೆ ಗೊತ್ತು" ಎಂದ. "ಆದ್ರ ದನ ಮಾತ್ರ ಮೂಸಿ ನೋಡಿ ಹಂಗೇ ಹೋಗ್ತಾವ."

ಭಾವ ನನ್ನ ಮುಖ ನೋಡಿ, "ನಿನ್ನೆ ಊಟದಾಗ ನೀವೂ ಬದನೆಕಾಯಿ ಮೂಸಿ ಬಿಟ್ರಿ. ಹಂಗಂತ ನಾವೆಲ್ಲ ಸತ್ವೇನ್ರೀ?" ಎಂದರು.

ತರ್ಕ ಸರಿಯಾಗಿಯೇ ಇತ್ತು. ಆದರೆ ಭಯ ನನ್ನ ಜೊತೆಗೇ ಬಸ್ಸು ಹತ್ತಿತು. ದಾರಿಯಲ್ಲಿ ಒಂದೆಡೆ ಬಸ್ಸು ನಿಂತಾಗ ಕಿಟಕಿಯ ಪಕ್ಕದಲ್ಲೇ ಉಮ್ಮತ್ತಿ ಅರಳಿತ್ತು. ಅದನ್ನು ನಾನು ನಿಶ್ಚಿಂತೆಯಿಂದ ನೋಡಿದೆ. ಅದು ವಿಷವೆಂದು ಗೊತ್ತು, ಹೆಸರೂ ಗೊತ್ತು. ಹಾಗಾಗಿ ನೆಂಟನ ಹಾಗೆ ಕಂಡಿತು. ನಮ್ಮ ಧೈರ್ಯವೆಲ್ಲ ಇಷ್ಟೇ ಇರಬೇಕು.

ಸಂಜೆ ಗಿರಿಜೆ ಜಗಲಿಯ ಮೇಲೆ ಒಬ್ಬಳೇ ಕುಳಿತಿದ್ದಳು. ಹೂವು ಜಡೆಯಲ್ಲೇ ಬಾಡಿತ್ತು.

"ಹೆಸರು ಸಿಕ್ತಾ ಅಪ್ಪಾ?"

"ಇಲ್ಲಮ್ಮ."

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದಕ್ಕೂ ಹೆಸರಿಲ್ಲ. ಇದನ್ನ ಕೇಳೋಕೆ ಯಾವ ಬಸ್ಸು ಹತ್ತುತ್ತೀರಿ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹೂವಿಗಾಗಿ ಊರೂರು ವಿಚಾರಿಸಿದವನು, ಇವಳನ್ನು ಏನೂ ಕೇಳಿರಲಿಲ್ಲ.

"ಹೆದರಿಕೆ ಆಗುತ್ತೇನಮ್ಮ?"

"ಹೂಂ. ಹೇಳಿದ್ರೆ ಎಲ್ಲರೂ ಧೈರ್ಯ ಹೇಳೋಕೆ ಬರ್ತಾರೆ."

ಧೈರ್ಯ ಹೇಳುವುದು ನನಗೆ ಬರುವ ವಿದ್ಯೆಯಲ್ಲ. ಹೆದರುವುದರಲ್ಲಿ ಮಾತ್ರ ಆ ಮನೆಯಲ್ಲಿ ನನ್ನಷ್ಟು ಅನುಭವಸ್ಥರಿರಲಿಲ್ಲ. "ನನಗೂ" ಎಂದೆ. ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.