ಮೋರಿಯ ತಿರುವಿನ ದೀಪ

ಗಿರಿಜಕ್ಕ, ಅವತ್ತು ಮೋರಿಯ ತಿರುವಿನ ಬೀದಿದೀಪ ಆರಿಸಿದವನು ನಾನು. ನೀವು ಕೂಗಿದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ಬರಲಿಲ್ಲ.

ಇಷ್ಟನ್ನು ಮೊದಲೇ ಹೇಳದಿದ್ದರೆ ಮಳೆ, ಮೋಡ, ನನ್ನ ಹುಚ್ಚು ಎಂದು ಸುತ್ತಿ ಬಳಸಿ, ನಿಮ್ಮಿಂದ ಸಮಾಧಾನದ ಮಾತು ಹೇಳಿಸಿಕೊಂಡು ಎದ್ದುಹೋಗುತ್ತೇನೆ. ನನ್ನನ್ನು ನಾನು ಬಲ್ಲೆ.

ಕಡೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೊ ತೆಗೆಯುವ ನನಗೆ ಆಕಾಶದ ಹುಚ್ಚು ಹತ್ತಿದ್ದು ತಡವಾಗಿ. ನಕ್ಷತ್ರಗಳ ಜೊತೆಗೇ ನಿಧಾನವಾಗಿ ತಿರುಗುವ ಯಂತ್ರದ ಮೇಲೆ ಕ್ಯಾಮೆರಾ ಕೂರಿಸಿ, ಒಂದೊಂದಕ್ಕೂ ನಿಮಿಷಗಟ್ಟಲೆ ತೆರೆದಿಟ್ಟು ಒಂದೇ ಗ್ಯಾಲಕ್ಸಿಯ ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸಬೇಕು. ಬರಿಗಣ್ಣಿಗೆ ಹೊಗೆಯ ಕಲೆಯಂತಿರುವುದು ಆಗ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಕತ್ತಲೆ ಬೇಕು. ಯಗಟಿಯಾಚೆ ನಮ್ಮ ಹೊಲದಲ್ಲಿ ಅಂಥ ಕತ್ತಲೆಯಿತ್ತು — ಮೋರಿಯ ಹತ್ತಿರದ ಆ ಒಂದು ದೀಪ ಬಿಟ್ಟರೆ.

ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ದೀಪಾವಳಿ ಕಳೆದರೂ ಮೋಡ ಸರಿಯಲಿಲ್ಲ. ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಊರವರು ಬೆಳೆಗಾಗಿ ಆಕಾಶ ನೋಡುತ್ತಿದ್ದರೆ, ನಾನು ಆಂಡ್ರೊಮಿಡಾ ಗ್ಯಾಲಕ್ಸಿ ಈ ಸಲವೂ ಕೈತಪ್ಪಿತೆಂದು ಹಲ್ಲು ಕಡಿಯುತ್ತಿದ್ದೆ. ಅದೇ ಮಳೆ ಮೋರಿಯ ಪಕ್ಕದ ರಸ್ತೆಯನ್ನು ಕೊರೆದು ಗುಂಡಿ ಮಾಡಿತ್ತು. ನಾನು ಅದನ್ನು ನೋಡಿದ್ದೆ. ಬೈಕನ್ನು ಪಕ್ಕಕ್ಕೆ ಎಳೆದುಕೊಂಡೇ ಓಡಾಡುತ್ತಿದ್ದೆ.

ಕೊನೆಗೊಂದು ಸಂಜೆ ಆಕಾಶ ತೊಳೆದಿಟ್ಟಂತೆ ತೆರೆದುಕೊಂಡಿತು. ನೀರುಗಂಟಿ ರಂಗಸ್ವಾಮಿ — ನಲ್ಲಿಗೆ ನೀರು ಬಿಡುವುದು, ಬೀದಿದೀಪ ಹಾಕುವುದು ಎರಡೂ ಅವನದೇ ಕೆಲಸ — ಕಂಬದ ಡಬ್ಬಿ ತೆರೆದು ಸ್ವಿಚ್ ಹಾಕಿದ. ನನ್ನ ಸರಂಜಾಮು ನೋಡಿ ನಕ್ಕ.

"ಅಂತೂ ಮೋಡ ಬಿಡ್ತು ಕಣಣ್ಣ. ತಕ್ಕೊಳ್ಳಿ ಇವತ್ತು, ಎಷ್ಟು ಬೇಕೋ ಅಷ್ಟು."

ಅವನ ಸೈಕಲ್ ಮರೆಯಾಗುವವರೆಗೆ ಕಾದೆ. ಆಮೇಲೆ ಹೋಗಿ ಅದೇ ಸ್ವಿಚ್ ಆರಿಸಿದೆ. ಗುಂಡಿಯ ನೆನಪು ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೆನಪು ಬಂದಿತ್ತು.

ಕಡೂರಿನಿಂದ ಬಟ್ಟೆಯ ಗಂಟು ಹೊತ್ತು ಬಸ್ಸಿಳಿದು ನೀವು ಅದೇ ದಾರಿಯಲ್ಲಿ ಬಂದಿರಿ. ಮೊದಲು ದೊಪ್ಪೆಂದು ಸದ್ದಾಯಿತು. ಆಮೇಲೆ ನಿಮ್ಮ ದನಿ.

"ಲೋಕೇಶಾ... ಲೇ ಲೋಕೇಶಾ, ಬಿದ್ಬಿಟ್ಟೆ ಕಣೋ."

ನಾನು ಹೊಲದಲ್ಲಿರುತ್ತೇನೆಂದು ನಿಮಗೆ ಗೊತ್ತಿತ್ತು. ನನ್ನ ಶಾಲೆಯ ಅಂಗಿಗಳನ್ನೆಲ್ಲ ಹೊಲಿದುಕೊಟ್ಟ ನಿಮ್ಮ ದನಿ ನನಗೂ ಗೊತ್ತಿತ್ತು. ಬರಬೇಕೆಂದರೆ ಟಾರ್ಚ್ ಹಾಕಬೇಕು, ದೀಪ ಹಾಕಬೇಕು. ಗ್ಯಾಲಕ್ಸಿ ನೆತ್ತಿಯ ಮೇಲಿತ್ತು, ಕ್ಯಾಮೆರಾ ತೆರೆದಿತ್ತು. ಈ ಒಂದು ಚಿತ್ರ ಮುಗಿಯಲಿ ಎಂದುಕೊಂಡೆ. ಅದು ಮುಗಿಯಿತು. ಇನ್ನೊಂದು ಅಂದೆ... ನೀವು ಕೂಗುತ್ತಲೇ ಇದ್ದಿರಿ. ಆಮೇಲೆ ಕೂಗು ನರಳಾಟವಾಯಿತು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ, ಅಕ್ಕ. ಕೇಳಿಸಿಕೊಳ್ಳುತ್ತಲೇ ಪರದೆ ನೋಡುತ್ತಿದ್ದೆ.

ಯಾರೋ ಬೈಕಿನವನು ನಿಲ್ಲಿಸಿ ಕಿರುಚಿದಾಗ ಓಡಿ ಬಂದೆ. "ಈಗಷ್ಟೇ ಕೇಳಿಸ್ತು," ಅಂದೆ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನೀವು ನನ್ನ ಕೈ ಬಿಡಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಗುಂಡಿಯಿಂದ ಮೇಲೆ ಬರಲು ಎಳೆದಾಡಿದ್ದರಿಂದ ಅದು ಇನ್ನಷ್ಟು ಸರಿದಿದೆ ಎಂದರು ಡಾಕ್ಟರು. ಆ ಎಳೆದಾಟದ ಹೊತ್ತು — ಅದು ನನ್ನದು. ಆಮೇಲೆ ನಿಮ್ಮ ಕಾಲು ಹೊಲಿಗೆ ಮಿಷಿನ್ ತುಳಿಯಲೇ ಇಲ್ಲ.

ಪಂಚಾಯ್ತಿಯಲ್ಲಿ ರಂಗಸ್ವಾಮಿಯನ್ನು ನಿಲ್ಲಿಸಿ ಕೇಳಿದರು. ಹಾಕಿದ್ದೆ ಎಂದು ಅವನು ಅತ್ತ. ಮಗಳ ಹೆಗಲು ಹಿಡಿದು ಬಂದಿದ್ದ ನೀವು, "ನನ್ನ ಕಾಲು ತಿಂದ್ಬಿಟ್ಯಲ್ಲೋ," ಎಂದು ಎಲ್ಲರೆದುರು ಅವನಿಗೆ ಅಂದಿರಿ. ಸದಸ್ಯರು ನನ್ನ ಕಡೆ ತಿರುಗಿದರು. ಅವನೂ ತಿರುಗಿದ. ಸ್ವಿಚ್ ಹಾಕಿದ್ದನ್ನು ನಾನು ನೋಡಿದ್ದೆನಲ್ಲ — ಅವನಿಗಿದ್ದ ಸಾಕ್ಷಿ ನಾನೊಬ್ಬನೇ.

"ದೀಪ ಉರೀತಿರಲಿಲ್ಲ," ಎಂದೆ.

ನಾನು ಹೇಳಿದ್ದು ನಿಜವೇ. ಆ ನಿಜದಿಂದಲೇ ಅವನನ್ನು ಮುಗಿಸಿದೆ. ಅವನ ಕೆಲಸ ಹೋಯಿತು. ನೀರು ಬಿಡುತ್ತಿದ್ದ ಊರಲ್ಲೇ ಮುಖ ಎತ್ತಿ ನಡೆಯಲಾಗದೆ ಅಜ್ಜಂಪುರಕ್ಕೆ ಹೋಗಿ ಈರುಳ್ಳಿ ಮೂಟೆ ಹೊರತೊಡಗಿದ.

ಆ ಚಿತ್ರ ಚೆನ್ನಾಗಿ ಬಂತು. ಅದನ್ನೂ ಹೇಳಬೇಕು. ನೀವು ಕೂಗುತ್ತಿದ್ದ ಹೊತ್ತಿನಲ್ಲಿ ತೆಗೆದವನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅವೇ ಎಲ್ಲಕ್ಕಿಂತ ಸ್ಪಷ್ಟವಾಗಿದ್ದವು. ನೋಡಿದವರೆಲ್ಲ ಹೊಗಳಿದರು. ನೀವೂ ಹೊಗಳಿ, "ಅವತ್ತು ನಿಂಗೆ ಕೇಳಿಸಿದ್ರೆ ಬರ್ದೇ ಇರ್ತಿದ್ಯಾ, ನಂಗೊತ್ತಿಲ್ವಾ," ಅಂದಿರಿ. ನಾನು ತಲೆ ತಗ್ಗಿಸಿದೆ. ನೀವು ಅದನ್ನು ಸಂಕೋಚ ಎಂದುಕೊಂಡಿರಿ.

ಹೋದ ವಾರ ರಂಗಸ್ವಾಮಿ ನನ್ನ ಸ್ಟುಡಿಯೋಗೆ ಬಂದಿದ್ದ. ಯಾವುದೋ ಕೆಲಸಕ್ಕೆ ಅವನ ಫೋಟೊ ಬೇಕಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಸ್ಟೂಲಿನ ಮೇಲೆ ಕೂತು ಕೇಳಿದ:

"ಗಿರಿಜಕ್ಕನ ಕಾಲು ಹೆಂಗೈತಣ್ಣ?"

"ಹಂಗೇ ಇದೆ," ಅಂದೆ.

"ಮೊದಮೊದ್ಲು ಹಾಕಿದ್ದೆ, ಹಾಕಿದ್ದೆ ಅಂತ ಎಲ್ರಿಗೂ ಹೇಳ್ತಿದ್ದೆ. ಈಗ ನಂಗೇ ಗೊತ್ತಾಗಲ್ಲ ಕಣಣ್ಣ. ಮರ್ತಿದ್ನೇನೋ. ನೀವೂ ಇಲ್ಲ ಅಂದ್ರಲ್ಲ... ನೀವ್ಯಾಕೆ ಸುಳ್ಳು ಹೇಳ್ತೀರಿ? ಆಯಮ್ಮನ ಕಾಲು ನಾನೇ ಮುರಿದಂಗಾಯ್ತು."

ನಾನು ಏನು ಹೇಳಿದೆ ಗೊತ್ತೇ, ಅಕ್ಕ? "ಗಲ್ಲ ಸ್ವಲ್ಪ ಎತ್ತು," ಅಂದೆ. ಫೋಟೊ ತೆಗೆದು ಕಳಿಸಿದೆ.

ಅವನ ಅನ್ನ ಕಿತ್ತುಕೊಂಡಿದ್ದೇನೆಂದು ಗೊತ್ತಿತ್ತು. ತಾನು ಮಾಡಿದ್ದು ತನಗೇ ನೆನಪಿರದಂತೆ ಅವನ ತಲೆಯೊಳಗಿನದನ್ನೂ ಕಿತ್ತುಕೊಂಡಿದ್ದೇನೆಂದು ಗೊತ್ತಿರಲಿಲ್ಲ.

ನನ್ನನ್ನು ಕ್ಷಮಿಸಿ ಎಂದು ಕೇಳುತ್ತಿಲ್ಲ. ನಿಮ್ಮ ಮಗಳನ್ನು ಕರೆಯಿರಿ, ಅವಳೆದುರೂ ಇದನ್ನೇ ಹೇಳುತ್ತೇನೆ. ಪಂಚಾಯ್ತಿಯಲ್ಲಿ, ಅದೇ ಜಾಗದಲ್ಲಿ ನಿಂತು ಹೇಳುತ್ತೇನೆ. ಆದರೆ ಇಲ್ಲಿಂದ ಎದ್ದು ಮೊದಲು ಅಜ್ಜಂಪುರದ ಬಸ್ಸು ಹತ್ತುತ್ತೇನೆ. ನೀನು ಸ್ವಿಚ್ ಹಾಕಿದ್ದೆ ರಂಗಸ್ವಾಮಿ, ನಾನು ಕಣ್ಣಾರೆ ನೋಡಿದ್ದೆ — ಇಷ್ಟನ್ನು ಅವನಿಗೆ ಹೇಳಬೇಕು. ಅವನು ನಂಬುತ್ತಾನೋ ಇಲ್ಲವೋ.